ದೂರಿನ ಶುದ್ಧಪ್ರತಿ

ದೂರು ನಾಲ್ಕು ಫೋಟೊಗಳಾಗಿ ಬಂತು. ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹಲಸೂರಿನ ನನ್ನ ಕೋಣೆಯಲ್ಲಿ ಕೂತು ಯಾವುದೋ ಶಾಲಾ ಗೈಡಿನ ಕರಡು ತಿದ್ದುತ್ತಿದ್ದೆ. ಫೋನು ಒಂದರ ಹಿಂದೊಂದು ನಾಲ್ಕು ಸಲ ಸದ್ದು ಮಾಡಿತು. ಗೆರೆ ಹಾಳೆ, ನೀಲಿ ಬಾಲ್‌ಪೆನ್ನು, ಒತ್ತಿ ಬರೆದ ಅಕ್ಷರ. ಕೊನೆಯ ಹಾಳೆಯ ಕೆಳಗೆ ನಮ್ಮ ಬಳಗದ ಅತಿ ಕಿರಿಯ ಕತೆಗಾರ್ತಿಯ ಹೆಸರು ಮತ್ತು ಸಹಿ. ಜೊತೆಗೆ ಒಂದು ಸಾಲು: "ಅಕ್ಕ, ನೀವೇ ತಾನೇ ಸಮಿತಿ ನೋಡ್ಕೊಳ್ಳೋದು? ಇದನ್ನ ಯಾರಿಗೆ ತೋರಿಸ್ಬೇಕೋ ತೋರಿಸಿ."

ಹೌದು, ನಾನೇ. ನಮ್ಮದು ಮೂವತ್ತು ಜನರ ಬರಹಗಾರರ ಬಳಗ. ಹದಿನೈದು ದಿನಕ್ಕೊಮ್ಮೆ ಭಾನುವಾರ ಹಲಸೂರು ಕೆರೆಗೆ ಹತ್ತಿರದ ಒಂದು ಮಹಡಿ ಕೋಣೆಯಲ್ಲಿ ಸೇರುತ್ತೇವೆ. ಹಿಂದಿನ ವರ್ಷ ಒಂದು ರಂಗಮಂದಿರದವರು ನಮ್ಮ ಕತೆ ವಾಚನಕ್ಕೆ ಜಾಗ ಕೊಡುವ ಮುಂಚೆ, ನಿಮ್ಮಲ್ಲಿ ಕಿರುಕುಳ ತಡೆಯುವ ನಿಯಮಗಳಿವೆಯೇ, ದೂರು ಕೇಳುವ ಸಮಿತಿ ಇದೆಯೇ ಎಂದು ಕೇಳಿದ್ದರು. ಇರಲಿಲ್ಲ. ಒಂದೇ ಸಂಜೆಯಲ್ಲಿ ಕೂತು ಎರಡು ಪುಟದ ನಿಯಮಾವಳಿ ಬರೆದೆ. ಬಹಳ ಸೊಗಸಾಗಿತ್ತು. ಅದನ್ನು ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ನಿಯಮಾವಳಿಗೆ ಚಪ್ಪಾಳೆ ಬಿದ್ದರೆ ಅದನ್ನು ಯಾರೂ ನಿಯಮವೆಂದು ತಿಳಿದಿಲ್ಲ ಎಂದೇ ಅರ್ಥ, ಆದರೆ ಆವತ್ತು ನನಗೆ ಹಾಗನ್ನಿಸಲಿಲ್ಲ.

ಸಮಿತಿಯಲ್ಲಿ ಮೂವರು. ಸಂಚಾಲಕಿ ನಾನು. ಬಳಗದ ಅಧ್ಯಕ್ಷರು, ಬ್ಯಾಂಕಿನಿಂದ ನಿವೃತ್ತರಾಗಿ ಹನಿಗವನ ಬರೆಯುವವರು, ಯಾರ ಮನಸ್ಸನ್ನೂ ನೋಯಿಸಲಾರದವರು. ಮೂರನೆಯವರು ಹೊರಗಿನ ಸದಸ್ಯೆ. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ವೆಲ್‌ಫೇರ್ ಆಫೀಸರ್ ಆಗಿದ್ದವರು, ಮನೆ ಫ್ರೇಜರ್ ಟೌನ್. ಕತೆ ಕವಿತೆಯ ಗೊಡವೆ ಅವರಿಗಿಲ್ಲ. ಹೊರಗಿನವರು ಒಬ್ಬರು ಇರಲೇಬೇಕೆಂದು ಯಾರೋ ಹೇಳಿದ್ದರಿಂದ ಅವರನ್ನು ಕೇಳಿಕೊಂಡಿದ್ದೆವು.

ದೂರು ಮೇಷ್ಟ್ರ ಮೇಲೆ. ಅವರನ್ನು ಎಲ್ಲರೂ ಕರೆಯುವುದು ಹಾಗೆಯೇ. ಬಳಗ ಕಟ್ಟಿದವರು, ಕಾಲೇಜಿನಲ್ಲಿ ಪಾಠ ಹೇಳಿದವರು, ಕುಕ್ ಟೌನಿನಲ್ಲಿ ಒಂಟಿಯಾಗಿರುವವರು. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಕೈಗೆ ಕೆಂಪು ಪೆನ್ನು ಕೊಟ್ಟು ಕರಡು ತಿದ್ದುವುದನ್ನು ಕಲಿಸಿದವರೂ ಅವರೇ. ನಾನು ತಿನ್ನುವ ಅನ್ನದಲ್ಲಿ ಅವರ ಉಪ್ಪಿದೆ ಎಂದರೆ ತಪ್ಪಿಲ್ಲ.

ಮೊದಲ ಪುಸ್ತಕ ತರುವವರನ್ನು ಒಬ್ಬ ಹಿರಿಯರ ಜೊತೆ ಆರು ತಿಂಗಳು ಕೂರಿಸುವುದು ನಮ್ಮ ಪದ್ಧತಿ. ಅದಕ್ಕೆ ಜೊತೆ ಓದು ಎನ್ನುತ್ತೇವೆ. ಕೊನೆಗೆ ಆ ಹಿರಿಯರೇ ಮುನ್ನುಡಿ ಬರೆಯುತ್ತಾರೆ, ಪ್ರಕಾಶಕರೂ ಆ ಮುನ್ನುಡಿಯನ್ನು ನೋಡಿಯೇ ಹಸ್ತಪ್ರತಿ ಮುಟ್ಟುವುದು. ಇವಳಿಗೆ ಸಿಕ್ಕವರು ಮೇಷ್ಟ್ರು, ಕೂರುತ್ತಿದ್ದದ್ದು ಸಭೆಯಿಲ್ಲದ ಭಾನುವಾರಗಳಲ್ಲಿ, ಅವರ ಮನೆಯಲ್ಲಿ. ಇವಳು ರಾಮಮೂರ್ತಿ ನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ವಾರವಿಡೀ ಜನರ ತೋಳಿಗೆ ಸೂಜಿ ಚುಚ್ಚಿ, ಸಿಕ್ಕ ಹೊತ್ತಿನಲ್ಲಿ ಒಂಬತ್ತು ಕತೆ ಬರೆದಿದ್ದಳು. ಅವುಗಳಲ್ಲಿ ಒಂದರಲ್ಲಿ ಒಬ್ಬ ಹೆಣ್ಣು ತನಗೆ ಇಷ್ಟವಾದವನ ಜೊತೆ ಒಂದು ಮಧ್ಯಾಹ್ನ ಲಾಡ್ಜಿನಲ್ಲಿ ಕಳೆಯುತ್ತಾಳೆ. ಎಲ್ಲ ಶುರುವಾದದ್ದು ಆ ಕತೆಯಿಂದ.

ದೂರಿನಲ್ಲಿ ಹನ್ನೊಂದು ಪ್ಯಾರಾಗಳಿದ್ದವು, ಹನ್ನೊಂದು ಭಾನುವಾರಕ್ಕೆ ಹನ್ನೊಂದು. ಎಲ್ಲವೂ ಹೆಚ್ಚುಕಡಿಮೆ ಒಂದೇ.

"ಮೊದಲನೇ ಭಾನುವಾರ. ಇದು ನಿನಗೇ ಆದದ್ದಾ ಎಂದು ಕೇಳಿದರು. ಇಲ್ಲ ಸರ್ ಎಂದೆ.

ಎರಡನೇ ಭಾನುವಾರ. ಇದು ನಿನಗೇ ಆದದ್ದಾ ಎಂದು ಕೇಳಿದರು. ಇಲ್ಲ ಸರ್ ಎಂದೆ. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು."

ಹೀಗೆ ನಾಲ್ಕು ಪುಟ. ಓದುತ್ತಿದ್ದಂತೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನ್ನ ಕೈ ಪೆನ್ನು ಹುಡುಕುತ್ತಿತ್ತು. ಇಷ್ಟೊಂದು ಪುನರಾವರ್ತನೆ ಇದ್ದರೆ ಓದುವವರು ಬೇಸರಪಡುತ್ತಾರೆ, ಅಧ್ಯಕ್ಷರು ಎರಡನೇ ಪುಟಕ್ಕೆ ಕನ್ನಡಕ ತೆಗೆಯುತ್ತಾರೆ, ಪಾಪ ಹುಡುಗಿಗೆ ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ.

ಬಳಗದಲ್ಲಿ ಯಾರು ಏನು ಬರೆದು ತಂದರೂ ಅದನ್ನು ಟೈಪು ಮಾಡಿ, ತಪ್ಪು ತಿದ್ದಿ, ಕೆಳಗೆ ಬರೆದವರ ಹೆಸರು ಹಾಕಿ ಎಲ್ಲರಿಗೂ ಕಳಿಸುವುದು ಮೊದಲಿನಿಂದಲೂ ನನ್ನ ಕೆಲಸ. ಶುದ್ಧಪ್ರತಿ ಎನ್ನುತ್ತೇವೆ. ದೂರಿಗೂ ಅದನ್ನೇ ಮಾಡಿದೆ. ಎರಡು ಗಂಟೆ ಕೂತೆ. ಹನ್ನೊಂದು ಸಲ ಬಂದ ಪ್ರಶ್ನೆಯನ್ನು "ಕತೆಯ ಮೂಲದ ಬಗ್ಗೆ ಹಲವು ಬಾರಿ ವಿಚಾರಿಸಿದ್ದು ನನಗೆ ಮುಜುಗರ ತಂದಿತು" ಎಂದು ಒಂದು ವಾಕ್ಯ ಮಾಡಿದೆ. ಅವಳು "ಬೆನ್ನ ಮೇಲೆ ಕೈ ಇಟ್ಟರು, ಕತೆ ಮುಗಿಯುವವರೆಗೂ ತೆಗೆಯಲಿಲ್ಲ" ಎಂದು ಬರೆದಿದ್ದಳು. ನಾನು "ಓದಿನ ವೇಳೆ ಸೂಕ್ತ ಅಂತರ ಕಾಯ್ದುಕೊಳ್ಳಲಿಲ್ಲ" ಎಂದು ಬರೆದೆ. ನಾಲ್ಕು ಪುಟ ಇದ್ದದ್ದು ಒಂದೂಕಾಲು ಪುಟವಾಯಿತು. ಕೆಳಗೆ ಅವಳ ಹೆಸರು ಟೈಪು ಮಾಡಿ, ಇನ್ನಿಬ್ಬರು ಸದಸ್ಯರಿಗೆ ಕಳಿಸಿದೆ. ಅವಳಿಗೆ ಕಳಿಸಬೇಕು ಎಂದು ಹೊಳೆಯಲೇ ಇಲ್ಲ. ನಮ್ಮಲ್ಲಿ ಶುದ್ಧಪ್ರತಿಯನ್ನು ಬರೆದವರಿಗೆ ತೋರಿಸುವ ವಾಡಿಕೆ ಇರಲಿಲ್ಲ.

ಬರಿಯ ವಾಡಿಕೆಯೇ? ಮೇಷ್ಟ್ರ ಹೆಸರು ಬಂದ ಕಡೆಯಲ್ಲೆಲ್ಲ ನನ್ನ ಕೈ ಸ್ವಲ್ಪ ಮೆತ್ತಗಾಗಿತ್ತು. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮೊದಲ ವಿಚಾರಣೆ ಆ ಶನಿವಾರ ಮಧ್ಯಾಹ್ನ ಮೂರಕ್ಕೆ. ಹೊರಗಿನ ಸದಸ್ಯೆಯ ಯಜಮಾನರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ನಾನು ಬರುವವರೆಗೆ ಏನೂ ಮಾಡಬೇಡಿ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಸುಮ್ಮನೆ ಒಮ್ಮೆ ಕೂತು ಮಾತಾಡಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂಬುದು ಅವರ ಲೆಕ್ಕ. ನಾನೂ ಒಪ್ಪಿದೆ. ಮನಸ್ಸು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಬೇಗ ಮುಗಿದರೆ ಸಾಕಿತ್ತು.

ಅವಳು ಲ್ಯಾಬಿನಿಂದ ಅರ್ಧ ದಿನ ರಜೆ ಹಾಕಿ, ಬೆನ್ನಿಗನಹಳ್ಳಿಯಲ್ಲಿ ಮೆಟ್ರೊ ಹತ್ತಿ ಬಂದಿದ್ದಳು. ಭಾನುವಾರ ನಾವು ಕೂರುವ ಹಾಗೆಯೇ ಕುರ್ಚಿಗಳನ್ನು ವೃತ್ತವಾಗಿ ಹಾಕಿ ಕೂತೆವು. ಅಧ್ಯಕ್ಷರು ಶುದ್ಧಪ್ರತಿಯನ್ನು ಗಟ್ಟಿಯಾಗಿ ಓದಿದರು. ಅವರ ಓದು ಚೆನ್ನಾಗಿರುತ್ತದೆ. ಓದಿ ಮುಗಿಸಿ ಹಾಳೆ ಕೆಳಗಿಟ್ಟು, ಧ್ವನಿ ಸಂಯಮದಿಂದಿದೆ, ದ್ವೇಷವಿಲ್ಲ, ಅದು ಮೆಚ್ಚಬೇಕಾದ್ದು ಎಂದರು. ಆಮೇಲೆ, ಮುಜುಗರ ಎನ್ನುವ ಪದಕ್ಕೆ ಆಧಾರ ಸಾಲದಾಯಿತೇನೋ ಎಂದರು. ನಾನು ಏನೋ ಉತ್ತರ ಕೊಟ್ಟೆ. ಅವರು ಅದಕ್ಕೆ ಇನ್ನೇನೋ ಅಂದರು.

ಅವಳು ಬಾಯಿ ತೆರೆದಳು. ಅಧ್ಯಕ್ಷರು ಅವಳ ಕಡೆ ನೋಡದೆ ಅಂಗೈ ಎತ್ತಿದರು.

"ಬರ್ದೋರು ಕೊನೇಲಮ್ಮಾ."

ನಮ್ಮ ಭಾನುವಾರದ ನಿಯಮ ಅದು. ಬರಹದ ಮೇಲೆ ಮಾತು ನಡೆಯುವಾಗ ಬರೆದವರು ತುಟಿ ಬಿಚ್ಚಬಾರದು. ಸಮರ್ಥಿಸಿಕೊಳ್ಳದೆ ಕೇಳಿಸಿಕೊಳ್ಳುವುದನ್ನು ಕಲಿಯಲಿ ಎಂದು ಮೇಷ್ಟ್ರೇ ತಂದದ್ದು. ಒಳ್ಳೆಯ ನಿಯಮ, ಕತೆಗಳಿಗೆ. ಅವಳಿಗೆ ರೂಢಿಯಾಗಿಬಿಟ್ಟಿತ್ತು, ಸುಮ್ಮನಾದಳು. ಹೆಚ್ಚುಕಡಿಮೆ ಮುಕ್ಕಾಲು ಗಂಟೆ ಅವಳಿಗಾದದ್ದರ ಬಗ್ಗೆ ನಾವಿಬ್ಬರೇ ಮಾತಾಡಿದೆವು. ಅವಳು ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಇದು ವಿಚಾರಣೆ, ಕತೆ ಓದುವ ಸಭೆಯಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಾವು ಬಲ್ಲ ಸಭೆ ಅದೊಂದೇ ಆಗಿತ್ತು.

ಕೊನೆಗೆ ಅಧ್ಯಕ್ಷರು, ಇದರಲ್ಲಿ ಕ್ರಮ ತೆಗೆದುಕೊಳ್ಳುವಂಥದ್ದು ಏನಿದೆ, ಮೇಷ್ಟ್ರಿಗೆ ಒಂದು ಮಾತು ಹೇಳಿದರೆ ಸಾಲದೇ ಎಂದು ಕೇಳಿ, ಈಗ ನೀನು ಮಾತಾಡಮ್ಮ ಎಂದರು.

ಅವಳು ಎದ್ದು ಹಾಳೆಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದಳು. ಮೊದಲ ಸಲ ನೋಡುತ್ತಿದ್ದಳು.

"ಇದು ನಾನ್ ಬರ್ದಿದ್ದಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವಾ ಮೇಡಂ?"

ಅದುವರೆಗೆ ನಾನು ಅಕ್ಕ ಆಗಿದ್ದೆ. ಹೂಂ ಎನ್ನಬೇಕಿತ್ತು. ಸ್ವಲ್ಪ ಅಡಕ ಮಾಡಿದೆ ಅಷ್ಟೇ ಎಂದೆ. ಅವಳು ಹಾಳೆಯನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದು ಹೋದಳು. ಅಧ್ಯಕ್ಷರು, ಹುಡುಗಿ ಸ್ವಲ್ಪ ಸೂಕ್ಷ್ಮ ಎಂದರು.

ಮನೆಗೆ ಹೋಗಲಾಗಲಿಲ್ಲ. ಹಲಸೂರು ಕೆರೆಯ ಸುತ್ತ ಒಂದು ಸುತ್ತು ಹಾಕಿದೆ, ಸಾಲದೆ ಇನ್ನೊಂದು. ಕಾಲು ನಿಂತರೆ ತಲೆ ಓಡುತ್ತಿತ್ತು, ನಡೆದರೆ ಎರಡೂ ಓಡುತ್ತಿದ್ದವು. ಬೆಂಚಿನ ಮೇಲೆ ಕೂತು ಫೋನಿನಲ್ಲಿ ಅವಳ ನಾಲ್ಕು ಪುಟ ತೆಗೆದು, ನನ್ನ ಒಂದೂಕಾಲು ಪುಟದ ಜೊತೆ ಸಾಲು ಸಾಲು ಹೋಲಿಸಿದೆ. ಕರಡು ನೋಡುವವರು ಮೂಲದ ಜೊತೆ ತಾಳೆ ನೋಡುವ ಕ್ರಮದಲ್ಲೇ, ಬೆರಳಿಟ್ಟು. ಆಗ ಕಂಡಿತು. ಅವಳ ಪ್ಯಾರಾಗಳು ಒಂದೇ ಥರ ಇರಲಿಲ್ಲ. ಪ್ರಶ್ನೆ, ಉತ್ತರ ಮಾತ್ರ ಒಂದೇ. ಪ್ರತಿ ಭಾನುವಾರಕ್ಕೂ ಕೊನೆಯಲ್ಲಿ ಒಂದೊಂದು ಹೊಸ ಸಂಗತಿ ಸೇರುತ್ತ ಹೋಗಿತ್ತು. ಕುರ್ಚಿ ಹತ್ತಿರ ಬಂದದ್ದು, ಬಾಗಿಲು ಮುಚ್ಚಿದ್ದು, ಕೈ ಬಂದದ್ದು. ನಾನು ಪುನರಾವರ್ತನೆ ಎಂದು ಕತ್ತರಿಸಿದ್ದರಲ್ಲೇ ಅವೆಲ್ಲ ಇದ್ದವು. ಇಪ್ಪತ್ತೆರಡು ವರ್ಷದ ಅನುಭವಕ್ಕೆ ಅದು ಕಾಣಲಿಲ್ಲ ಎಂದರೆ ನನ್ನ ಅನುಭವಕ್ಕೆ ಬೆಂಕಿ ಬೀಳಲಿ ಎನ್ನಿಸಿತು.

ಅಲ್ಲಿಂದಲೇ ಹೊರಗಿನ ಸದಸ್ಯೆಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಮಾರನೇ ಬೆಳಿಗ್ಗೆ ಎರಡೂ ಪ್ರತಿ ತೆಗೆದುಕೊಂಡು ಮನೆಗೆ ಬರಲು ಹೇಳಿದರು.

ಫ್ರೇಜರ್ ಟೌನಿನ ಅವರ ಮನೆಯಲ್ಲಿ ಯಜಮಾನರು ಕಪ್ಪು ಕನ್ನಡಕ ಹಾಕಿಕೊಂಡು ರೇಡಿಯೊ ಕೇಳುತ್ತಿದ್ದರು. ಆಕೆ ನನ್ನನ್ನು ಅಡುಗೆ ಮನೆಯ ಮೇಜಿಗೆ ಕರೆದುಕೊಂಡು ಹೋಗಿ, ಮೊದಲು ಅವಳದ್ದು ಓದಿದರು, ಆಮೇಲೆ ನನ್ನದು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಕಾರ್ಖಾನೆಯಲ್ಲಿ ಹೇಳಿಕೆ ಬರೆದುಕೊಳ್ಳುವ ಕ್ರಮವನ್ನು ಪಾಠದ ಹಾಗೆ ಹೇಳಿದರು. ಹೇಳುವವಳು ನೂರು ಸಲ ಒಂದೇ ಮಾತು ಹೇಳಿದರೆ ನೂರು ಸಲವೂ ಬರೆಯಬೇಕು. ಅವಳ ಮಾತು ಅವಳದೇ ಭಾಷೆಯಲ್ಲಿ, ತಮಿಳಾದರೆ ತಮಿಳು, ದಖ್ಖನಿಯಾದರೆ ದಖ್ಖನಿ. ಓದಿ ಹೇಳಿ ಒಪ್ಪಿಸಿ ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಳ್ಳಬೇಕು.

"ನೋಡಮ್ಮಾ, ಹೆಣ್ಮಕ್ಳು ದೂರು ಕೊಡಕ್ಕೆ ಬಂದ್ರೆ ಅವ್ರ ಮಾತು ಉಲ್ಟಾಪಲ್ಟಾನೇ ಇರ್ತದೆ," ಎಂದರು. "ಅದನ್ನ ಸೀದಾ ಮಾಡೋದು ನಮ್ ಕೆಲ್ಸ ಅಲ್ಲ. ನೀವೀಗ ಕಮಿಟೀಲಿ ಇಲ್ಲ. ನೀವು ಸಾಕ್ಷಿ. ಏನ್ ಮಾಡಿದ್ರೋ ಬರ್ದು ಸಹಿ ಹಾಕಿ ಕೊಡಿ."

ಬರೆದು ಕೊಡುತ್ತೇನೆ ಎಂದೆ. ಬರೆಯಲು ಮೂರು ದಿನ ತೆಗೆದುಕೊಂಡೆ. ಶುರು ಮಾಡುವುದು, ಹರಿಯುವುದು. ಸಮಿತಿಯ ಸಂಚಾಲಕಿಯೇ ದೂರು ತಿದ್ದಿದಳು ಎಂದು ಬರೆದು ಕೊಟ್ಟರೆ, ಈ ಊರಿನಲ್ಲಿ ಯಾವ ಪ್ರಕಾಶಕ ನನಗೆ ಹಸ್ತಪ್ರತಿ ಕೊಡುತ್ತಾನೆ ಎಂಬ ಪ್ರಶ್ನೆ ಇರುವೆಯ ಹಾಗೆ ಮೈಮೇಲೆ ಹರಿದಾಡುತ್ತಿತ್ತು.

ಮೂರನೇ ದಿನ ಮೇಷ್ಟ್ರ ಫೋನು ಬಂತು. ಕಾಫಿಗೆ ಬಾ ಎಂದರು. ವಿಚಾರಣೆ ನಡೆಯುವಾಗ ಹೋಗಬಾರದು ಎಂದು ನಾನೇ ಬರೆದ ನಿಯಮಾವಳಿಯಲ್ಲಿತ್ತು. ಹೋದೆ. ಕುಕ್ ಟೌನಿನ ಆ ಮನೆಯ ವರಾಂಡದಲ್ಲಿ ನಾನು ಎಷ್ಟು ಸಲ ಕೂತಿದ್ದೇನೋ ಲೆಕ್ಕವಿಲ್ಲ. ಅವರು ಸಿಟ್ಟಾಗಿರಲಿಲ್ಲ. ತಾವೇ ಕಾಫಿ ಬೆರೆಸಿ ತಂದರು, ನನ್ನ ಕಣ್ಣಿನ ಪವರು ಹೆಚ್ಚಾಯಿತೇ ಎಂದು ವಿಚಾರಿಸಿದರು. ಆಮೇಲೆ ಮೇಜಿನ ಮೇಲಿದ್ದ ಹಾಳೆ ಎತ್ತಿದರು. ನನ್ನ ಶುದ್ಧಪ್ರತಿ. ಅಧ್ಯಕ್ಷರು ಕಳಿಸಿದ್ದರು.

"ನಿನ್ ಕೈ ಗೊತ್ತಾಗುತ್ತೆ ಕಣಮ್ಮಾ," ಎಂದರು. "ನ್ಯಾಯವಾಗಿ ಬರ್ದಿದೀಯ. ಇದಕ್ಕೆ ನಾನು ಉತ್ತರ ಕೊಡ್ತೀನಿ. ಇದೇ ಇರ್ಲಿ."

ಅವರಿಗೆ ಬೇಕಾದದ್ದು ಅಷ್ಟೇ, ಅದೇ ಇರುವುದು. ಮೂಲವನ್ನು ನಾನು ಮರೆತರೆ ಸಾಕು, ಸುಳ್ಳು ಹೇಳಬೇಕಾಗಿಯೂ ಇಲ್ಲ. ಅವರು ಮುಂದುವರಿಸಿದರು. ಕತೆ ಎಲ್ಲಿಂದ ಬಂತು ಎಂದು ಕೇಳಬಾರದೇ, ಹಾಗೆ ಕೇಳದಿದ್ದರೆ ವಿಮರ್ಶೆ ಹೇಗಾಗುತ್ತದೆ, ಮುನ್ನುಡಿಗೆ ಪುಸ್ತಕ ಇನ್ನೂ ಹದವಾಗಿಲ್ಲ ಎಂದದ್ದಕ್ಕೆ ಹುಡುಗಿಗೆ ಸಿಟ್ಟು. ಇಪ್ಪತ್ತೆರಡು ವರ್ಷ ನಾನು ನಂಬಿದ್ದ ಧ್ವನಿ. ಆವತ್ತೂ ಅದು ನಂಬುವ ಹಾಗೆಯೇ ಇತ್ತು, ಅದೇ ನನಗೆ ಹೆದರಿಕೆಯಾದದ್ದು.

ಮೇಷ್ಟ್ರೇ, ನೀವು ಅವಳು ಬರೆದದ್ದನ್ನು ಓದಿಲ್ಲ ಎಂದೆ. ಅವರು ನಕ್ಕರು. ನೀನು ಓದಿದೆಯಲ್ಲ, ಓದಿ ಇದನ್ನು ಮಾಡಿದೆಯಲ್ಲ ಎಂದರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಗೇಟು ದಾಟಿದ ಮೇಲೆ ಆಟೊ ಹತ್ತಿ, ಅಲ್ಲೇ ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಹೇಳಿಕೆ ಬರೆದು ಮುಗಿಸಿದೆ. ಆಟೊ ಅಲುಗಾಡಿದ್ದಕ್ಕೆ ಅಕ್ಷರ ಅಡ್ಡಾದಿಡ್ಡಿಯಾಗಿತ್ತು. ಹಾಗೆಯೇ ಕೊಟ್ಟೆ, ಟೈಪು ಮಾಡಲಿಲ್ಲ. ಕುಕ್ ಟೌನಿಗೆ ಹೋಗಿದ್ದನ್ನೂ ಅದರಲ್ಲಿ ಬರೆದೆ.

ಆಮೇಲೆ ಉಳಿದದ್ದು ರಾಮಮೂರ್ತಿ ನಗರ. ಹೊರಗಿನ ಸದಸ್ಯೆ, ಹೋಗುವುದಾದರೆ ದೂರಿನ ವಿಷಯ ಎತ್ತಬೇಡಿ, ಕ್ಷಮೆ ಕೇಳಿ ಬಂದುಬಿಡಿ ಎಂದು ಹೇಳಿ ಕಳಿಸಿದ್ದರು. ಲ್ಯಾಬು ಮುಖ್ಯರಸ್ತೆಯಲ್ಲಿ, ಬೇಕರಿ ಮತ್ತು ಮೊಬೈಲ್ ಅಂಗಡಿಯ ನಡುವೆ. ಬರಿ ಹೊಟ್ಟೆಯಲ್ಲಿ ಬಂದವರ ಸಾಲು ಮುಗಿಯುವವರೆಗೆ ಬೆಂಚಿನ ಮೇಲೆ ಕಾದೆ. ಅವಳು ಕೈಗವಸು ತೆಗೆದು ಹೊರಗೆ ಬಂದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ತಪ್ಪಾಯಿತು ಎಂದೆ, ಅಷ್ಟೇ.

ಅವಳು ಸರಿ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ.

"ಮೇಡಂ, ನಾನು ಬರ್ದಿದ್ದ ಕತೆನೆಲ್ಲ ನೀವು ತಿದ್ದಿದೀರ. ಒಂದ್ಸಲಾನೂ ಬೇಜಾರ್ ಮಾಡ್ಕೊಂಡಿಲ್ಲ," ಎಂದಳು. "ಇದು ಕತೆ ಅಲ್ಲ ಅಂತ ನಿಮ್ಗೆ ಗೊತ್ತಾಗ್ಲಿಲ್ವಲ್ಲ, ಅದು."

ಬಳಗ ಬಿಡುತ್ತೀಯಾ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅವಳು ಬಿಡುವುದಿಲ್ಲ ಎಂದಳು. ಆ ಒಂಬತ್ತು ಕತೆ ಮೇಷ್ಟ್ರ ಮುನ್ನುಡಿ ಇಲ್ಲದೆ ಪುಸ್ತಕವಾಗಬೇಕು, ಮುನ್ನುಡಿ ಸಿಗದ್ದಕ್ಕೆ ದೂರು ಕೊಟ್ಟಳು ಎಂದು ಒಬ್ಬರೂ ಹೇಳಬಾರದು, ಹೇಳಿದರೆ ತೋರಿಸಲು ಕಾಗದ ಇರಬೇಕು ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ವಾಪಸು ಬರುವಾಗ ಮೆಟ್ರೊದಲ್ಲಿ ಸೀಟು ಖಾಲಿಯಿದ್ದರೂ ಹಲಸೂರಿನವರೆಗೆ ನಿಂತುಕೊಂಡೇ ಬಂದೆ.

ಎರಡನೇ ವಿಚಾರಣೆಗೆ ನಾನು ಸಮಿತಿಯಲ್ಲಿರಲಿಲ್ಲ. ಹೊರಗಿನ ಸದಸ್ಯೆ ತಮ್ಮ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಇನ್ನೊಬ್ಬಾಕೆಯನ್ನು ನನ್ನ ಜಾಗಕ್ಕೆ ಕರೆತಂದಿದ್ದರು. ಅಧ್ಯಕ್ಷರನ್ನು ಕೈಬಿಡಲಿಲ್ಲ, ಆದರೆ ಮೇಷ್ಟ್ರಿಗೆ ಕಾಗದ ಕಳಿಸಿದ್ದನ್ನು ಮೊದಲು ಬರೆಸಿಕೊಂಡು, ತೀರ್ಮಾನದಲ್ಲಿ ನಿಮ್ಮ ಮಾತು ನಡೆಯುವುದಿಲ್ಲ, ಕೂತು ಕೇಳಿ ಎಂದರು. ಕುರ್ಚಿಗಳ ವೃತ್ತ ತೆಗೆಸಿ ಮೇಜು ಹಾಕಿಸಿದರು. ಅವಳ ಪಕ್ಕದಲ್ಲಿ ಅವಳ ಚಿಕ್ಕಮ್ಮ ಕೂತಿದ್ದರು. ಮೇಷ್ಟ್ರಿಗೆ ಬೇರೆ ಹೊತ್ತು ಕೊಟ್ಟಿದ್ದರು. ಸಾಕ್ಷಿ ಹೇಳಲು ಕರೆದಾಗ ನಾನು ಒಳಗೆ ಹೋದೆ. ಮೂಲದ ಪ್ರತಿ ಇದೇ ಎಂದು ಗುರುತಿಸಲು ಇರಿ ಎಂದರು, ಆದ್ದರಿಂದ ಮುಂದಿನದನ್ನು ಕಣ್ಣಾರೆ ಕಂಡೆ.

ಹೊರಗಿನ ಸದಸ್ಯೆ ತಾವೇ ಅವಳ ನಾಲ್ಕು ಪುಟವನ್ನು ಗಟ್ಟಿಯಾಗಿ ಓದಿದರು. ಕನ್ನಡ ಓದು ಅವರದು ನಿಧಾನ, ಒತ್ತಕ್ಷರಗಳಲ್ಲಿ ತಡವರಿಸುತ್ತಾರೆ. ಭಾವವಿಲ್ಲ, ಏರಿಳಿತವಿಲ್ಲ.

"ಐದನೇ ಭಾನುವಾರ. ಇದು ನಿನಗೇ ಆದದ್ದಾ ಎಂದು ಕೇಳಿದರು. ಇಲ್ಲ ಸರ್ ಎಂದೆ. ಗಾಳಿ ಜಾಸ್ತಿ ಎಂದು ಬಾಗಿಲು ಮುಚ್ಚಿದರು. ಗಾಳಿ ಇರಲಿಲ್ಲ.

ಆರನೇ ಭಾನುವಾರ. ಇದು ನಿನಗೇ ಆದದ್ದಾ ಎಂದು ಕೇಳಿದರು. ಇಲ್ಲ ಸರ್ ಎಂದೆ. ಯಾವ ಲಾಡ್ಜು ಎಂದು ಕೇಳಿದರು."

ಅಧ್ಯಕ್ಷರು ಏನೋ ಬರೆದುಕೊಳ್ಳುತ್ತಿದ್ದವರು ಬರೆಯುವುದನ್ನು ನಿಲ್ಲಿಸಿದರು. ಎಂಟನೆಯದಕ್ಕೆ ಬರುವಾಗ, ಸಾಕು ಮೇಡಂ, ಅರ್ಥವಾಯಿತು ಎಂದರು. ಹೊರಗಿನ ಸದಸ್ಯೆ ತಲೆಯೆತ್ತಲಿಲ್ಲ. ಅವಳು ಹನ್ನೊಂದು ಸಲ ಕೂತಿದ್ದಾಳೆ, ನೀವು ಹನ್ನೊಂದು ಸಲ ಕೇಳಿ ಎಂದು ಹೇಳಿ ಓದನ್ನು ಮುಂದುವರಿಸಿದರು.

"ಹನ್ನೊಂದನೇ ಭಾನುವಾರ. ಇದು ನಿನಗೇ ಆದದ್ದಾ ಎಂದು ಕೇಳಿದರು. ಹೌದು ಎಂದು ಹೇಳಿದರೆ ಬಿಡುತ್ತಾರೇನೋ ಎಂದು ಹೌದು ಸರ್ ಎಂದೆ. ಹಾಗಾದರೆ ನನ್ನ ಹತ್ತಿರ ಏನು ನಾಚಿಕೆ ಎಂದರು. ಅವತ್ತಿನಿಂದ ಹೋಗಲಿಲ್ಲ."

ಮಂಗಳವಾರ ನನ್ನ ಕೋಣೆಯಲ್ಲಿ ಕೂತು ಆ ಪ್ಯಾರಾವನ್ನು ಪೂರ್ತಿ ತೆಗೆದಿದ್ದೆ. ಮೊದಲ ಹತ್ತರಲ್ಲಿ ಹೇಳಿದ್ದನ್ನೇ ಹೇಳುತ್ತಿದೆ ಎಂದು, ಕೊನೆಯ ಎರಡು ಸಾಲಿನವರೆಗೆ ಓದದೆ. ಕೆರೆಯ ಬೆಂಚಿನಲ್ಲಿ ಕಣ್ಣಿಗೆ ಬಿದ್ದಿದ್ದರೂ, ಈಗ ಅವಳ ಎದುರೇ ಕೇಳಿಸಿಕೊಂಡು ಅಲ್ಲೇ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಅವಳ ಚಿಕ್ಕಮ್ಮ ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಮೇಷ್ಟ್ರ ಸರದಿಯಲ್ಲಿ ನಾನಿರಲಿಲ್ಲ. ವರದಿಯಲ್ಲಿ ಓದಿದ್ದು ಇಷ್ಟು. ಅದು ವಿಮರ್ಶಕ ಕೇಳುವ ಪ್ರಶ್ನೆ ಎಂದು ಅವರು ಹೇಳಿದರು. ಜೊತೆ ಓದಿಗೆ ಬಂದ ಗಂಡು ಬರಹಗಾರರನ್ನು ಎಷ್ಟು ಸಲ ಕೇಳಿದ್ದೀರಿ ಎಂದು ಹೊರಗಿನ ಸದಸ್ಯೆ ಕೇಳಿದರು. ನೆನಪಿಲ್ಲ ಎಂದರು. ಅಂಥ ಮೂವರನ್ನು ಕರೆಸಿ ಕೇಳಿದಾಗ, ಒಬ್ಬನನ್ನು ಒಂದು ಸಲ ಕೇಳಿದ್ದರು, ಇನ್ನಿಬ್ಬರನ್ನು ಒಂದು ಸಲವೂ ಕೇಳಿರಲಿಲ್ಲ. ಬಾಗಿಲು ಯಾರಿಗೂ ಮುಚ್ಚಿರಲಿಲ್ಲ.

ದೂರು ನಿಜವೆಂದು ಸಮಿತಿ ಬರೆಯಿತು. ಮೇಷ್ಟ್ರು ಬಳಗದ ಯಾವ ಸಭೆಗೂ ಬರಬಾರದು, ಅವಳನ್ನು ಸಂಪರ್ಕಿಸಬಾರದು. ಜೊತೆ ಓದು ಮನೆಗಳಲ್ಲಿ ನಡೆಯಬಾರದು. ಮುನ್ನುಡಿಯನ್ನು ಬೇಕೋ ಬೇಡವೋ ಬರಹಗಾರರೇ ತೀರ್ಮಾನಿಸಬೇಕು. ಸಂಚಾಲಕಿ ದೂರನ್ನು ತಿದ್ದಿದ್ದು ಗಂಭೀರ ಲೋಪ, ಅವರು ಇನ್ನು ಯಾವ ಸಮಿತಿಯಲ್ಲೂ ಇರಬಾರದು. ಆ ಕೊನೆಯ ಸಾಲನ್ನು ಎರಡು ಸಲ ಓದಿದೆ. ತೆಗೆಯುವಂಥದ್ದೇನೂ ಅದರಲ್ಲಿರಲಿಲ್ಲ.

ಮೇಷ್ಟ್ರು ಹೋದರು, ಅವರ ಹಿಂದೆ ಏಳು ಜನ ಹೋದರು. ಉಪ್ಪು ತಿಂದ ಮನೆಗೆ ಎರಡು ಬಗೆದವಳು ಎಂದು ಒಬ್ಬರು ನನ್ನ ಮುಖಕ್ಕೇ ಹೇಳಿದರು. ಮಹಡಿ ಕೋಣೆ ಮೇಷ್ಟ್ರ ಸ್ನೇಹಿತರದ್ದು, ಅದೂ ಹೋಯಿತು. ಇಂದಿರಾನಗರದಲ್ಲಿ ಒಂದು ಟ್ಯುಟೋರಿಯಲ್‌ನವರು ಭಾನುವಾರ ಖಾಲಿ ಇರುವ ತರಗತಿ ಕೊಟ್ಟರು. ಬೆಂಚುಗಳು ಮಕ್ಕಳ ಅಳತೆಯವು, ಮಂಡಿ ತಾಗುತ್ತದೆ. ಅವಳ ಹಸ್ತಪ್ರತಿ ಮುನ್ನುಡಿಯಿಲ್ಲದೆ ಒಬ್ಬ ಪ್ರಕಾಶಕರ ಬಳಿ ಹೋಗಿದೆ. ಒಪ್ಪಿದ್ದಾರೆ. ಕರಡು ನೋಡಲು ಬೇರೆಯವರಿಗೆ ಕೊಟ್ಟಿದ್ದಾಳೆ.

ಕಾಗದಗಳನ್ನು ಲಕೋಟೆಗೆ ಹಾಕಿ ಮೊಹರು ಮಾಡುವ ದಿನ ಎಲ್ಲರನ್ನೂ ಸಹಿಗೆ ಕರೆದಿದ್ದರು. ಹೊರಗಿನ ಸದಸ್ಯೆ ಪಟ್ಟಿ ಓದುತ್ತ ಒಂದೊಂದೇ ಹಾಳೆ ಇಡುತ್ತಿದ್ದರು. ಮೂಲ ದೂರು, ನನ್ನ ಅಡ್ಡಾದಿಡ್ಡಿ ಹೇಳಿಕೆ, ಸಾಕ್ಷಿಗಳದ್ದು. ಆಮೇಲೆ ಟೈಪು ಮಾಡಿದ ಆ ಒಂದೂಕಾಲು ಪುಟ. ಅವಳು ಅದರ ಮೇಲೆ ಬೆರಳಿಟ್ಟಳು.

"ಇದ್ರಲ್ಲಿ ನನ್ನ ಹೆಸ್ರು ಇನ್ನೂ ಇದೆ. ಹರಿದು ಹಾಕಿ."

ದಾಖಲೆ ಹರಿಯುವ ಹಾಗಿಲ್ಲ ಎಂದರು ಹೊರಗಿನ ಸದಸ್ಯೆ. ನಾಳೆ ಯಾರಾದರೂ ಕೇಳಿದರೆ ಏನಾಯಿತು ಎಂದು ತೋರಿಸಲು ಅದೂ ಬೇಕು. ಬೇಕಾದರೆ ಗೆರೆ ಹೊಡೆಯಬಹುದು, ಹೊಡೆದದ್ದು ಓದಲು ಬರುವ ಹಾಗೆ, ಹೊಡೆದವರ ಸಹಿಯೊಂದಿಗೆ. ಇಬ್ಬರೂ ನನ್ನ ಕಡೆ ನೋಡಿದರು.

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರ ಬರಹ ತಿದ್ದಿದ್ದೇನೋ ಗೊತ್ತಿಲ್ಲ, ಒಂದರ ಕೆಳಗೂ ನನ್ನ ಹೆಸರಿಲ್ಲ. ತಿದ್ದುವವರ ಹೆಸರು ಎಲ್ಲಿಯೂ ಇರುವುದಿಲ್ಲ. ಅವಳ ಹೆಸರಿನ ಮೇಲೆ ಒಂದು ಗೆರೆ ಎಳೆದೆ. ಅದರ ಕೆಳಗೆ, ಇದನ್ನು ಬರೆದವಳು ನಾನು ಎಂದು ಬರೆದು, ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಅವಳು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಮೊದಲ ಸಾಲಿನಿಂದ ನನ್ನ ಸಹಿಯವರೆಗೆ ಓದಿದಳು. ಆಮೇಲೆ ತಾನೇ ಅದನ್ನು ಮಡಚಿ ಲಕೋಟೆಯೊಳಗೆ ಹಾಕಿದಳು.